ಮೂರು ಚಹಾದ ಕಂಪ್ಯೂಟರ್

ಇಷ್ಟು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದೆ, ಒಬ್ಬ ಗಿರಾಕಿಯೂ ಬಂದು "ನಮ್ಮ ಮಷೀನ್ ಚಾಲೂ ಆಗಲಿಕ್ಕೆ ಏಳು ನಿಮಿಷ ಬೇಕು" ಎಂದು ಹೇಳಿದ್ದಿಲ್ಲ. ನಮ್ಮ ಕಡೆಯ ಅಳತೆಯೇ ಬೇರೆ. "ಒಂದು ಚಾ ತಗೋತೈತ್ರಿ" ಎಂದರೆ ಚಿಂತೆಯಿಲ್ಲ, ಆ ವಾರದಲ್ಲಿ ಯಾವಾಗ ಹೋದರೂ ನಡೆಯುತ್ತದೆ. "ಎರಡು ಚಾ" ಎಂದರೆ ನಾಳೆಯೇ ಹೋಗಬೇಕು. "ಬಟನ್ ಒತ್ತಿ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬಂದ್ರೂ ಇನ್ನಾ ತಿರಗಾಕತ್ತಿತ್ರಿ" ಎಂದರೆ ಹೊಸ ಹಾರ್ಡ್ ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡೇ ಹೊರಡುವುದು. ಮಷೀನ್ ಒಳಗೆ ಏನಾಗಿದೆ ಎಂಬುದನ್ನು ಚಹಾದ ಲೆಕ್ಕದಲ್ಲೇ ಮುಕ್ಕಾಲು ಪಾಲು ಹೇಳಿಬಿಡುತ್ತಿದ್ದೆ.

ನನ್ನ ಮನೆ ಹಾವೇರಿ, ಅಂಗಡಿ ರಾಣೇಬೆನ್ನೂರು. ಅಂಗಡಿ ನನ್ನದಲ್ಲ, ಹಲಗೇರಿಯ ಮಂಜಣ್ಣನವರದು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಊರಿನ ಕಚೇರಿ, ಅಂಗಡಿಗಳ ಮಷೀನುಗಳಿಗೆ ನಾನೇ ಹಳೇ ಬೈಕಿನ ಮೇಲೆ ತಿರುಗುವ ವೈದ್ಯ. ಹೋದ ವರ್ಷ ಕೆಲಸ ಬಿಟ್ಟೆ. ಈಗ ಈ ಕೆಲಸಕ್ಕೆ ಬರುತ್ತಿರುವವರು ನನಗಿಂತ ಹತ್ತು ಪಟ್ಟು ಹೆಚ್ಚು ಓದಿಕೊಂಡಿದ್ದಾರೆ, ಅವರಿಗೆ ನಾನು ಕಲಿಸುವುದೇನೂ ಇಲ್ಲ. ಆದರೆ ಒಂದು ಮಷೀನನ್ನು ಲಗೂ, ಅಂದರೆ ಬೇಗ, ಎಬ್ಬಿಸಲು ಹೋಗಿ ಒಬ್ಬ ಹುಡುಗಿಯ ನೌಕರಿಯನ್ನೇ ಕಳೆಯುವುದರಲ್ಲಿದ್ದೆ. ಅದನ್ನಾದರೂ ಅವರು ಕೇಳಿಸಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನನ್ನ ಸ್ವಭಾವ ಹೇಳಬೇಕು. ನನಗೆ ಎಲ್ಲವೂ ಲಗೂ ಆಗಬೇಕು. ನನ್ನ ಹೆಂಡತಿ ಮದುವೆಯಾದ ತಿಂಗಳಲ್ಲೇ ಕಂಡುಹಿಡಿದಳು. "ನಿಮಗ ಅಕ್ಕಿ ಹಾಕೂದ್ರಾಗ ಅನ್ನ ಆಗಬೇಕು ನೋಡ್ರಿ" ಎಂದಳು. ಇವತ್ತಿಗೂ ಅನ್ನುತ್ತಾಳೆ. ಮಂಜಣ್ಣನವರು ಇದಕ್ಕೆ ತದ್ವಿರುದ್ಧ. ಗಿರಾಕಿ ಬಂದರೆ ಮೊದಲು ಕುರ್ಚಿ, ಆಮೇಲೆ ನೀರು, ಆಮೇಲೆ ಊರ ಸುದ್ದಿ, ಮಷೀನಿನ ಮಾತು ಎಲ್ಲಕ್ಕಿಂತ ಕಡೆಗೆ. ನನಗೆ ಅವರು ಕೊಟ್ಟ ಪಾಠ ಒಂದೇ: "ಅಲ್ಲಿ ದಿನಾ ಯಾರು ಕುಂದರತಾರೋ ಅವರನ್ನ ಮೊದಲ ಕೇಳು, ಆಮ್ಯಾಲೆ ಮಷೀನ್ ಮುಟ್ಟು." ನಾನು "ಹೂಂನ್ರಿ" ಎನ್ನುತ್ತಿದ್ದೆ. ಹೂಂ ಅನ್ನುವುದಕ್ಕೆ ಖರ್ಚೇನು? ಕುಳಿತವರನ್ನು ಕೇಳಿದರೆ ಅವರ ಮಾವನ ಮನೆಯ ಕಥೆಯೂ ಬರುತ್ತಿತ್ತು, ಅಷ್ಟರಲ್ಲಿ ನಾನು ಎರಡು ಮಷೀನ್ ಮುಗಿಸುತ್ತಿದ್ದೆ.

ಆ ಕಾಲದ ಮಷೀನುಗಳು ತಡಮಾಡುತ್ತಿದ್ದ ಕಾರಣವೂ ಬಹುತೇಕ ಒಂದೇ. ಕಂಪ್ಯೂಟರ್ ಚಾಲೂ ಆದ ಕೂಡಲೇ ಕರೆಯದೇ ಎದ್ದು ಬರುವ ಪ್ರೋಗ್ರಾಮುಗಳ ಒಂದು ಪಟ್ಟಿ ಇರುತ್ತದೆ. ಪ್ರಿಂಟರಿನದು, ಕ್ಯಾಮೆರಾದ್ದು, ಹಾಡಿನದು, ಯಾವುದೋ ಆಟದ್ದು, ಎಲ್ಲವೂ ಮದುವೆಮನೆ ಪಂಕ್ತಿಗೆ ನುಗ್ಗಿದ ಹಾಗೆ ಒಟ್ಟಿಗೇ ನುಗ್ಗುತ್ತವೆ. ಪ್ರತಿಯೊಂದರ ಮುಂದೆಯೂ ಒಂದು ಟಿಕ್ ಗುರುತು. ಆ ಟಿಕ್ ತೆಗೆದರೆ ಅದು ತಾನಾಗಿ ಬರುವುದು ನಿಲ್ಲುತ್ತದೆ. ಟಿಕ್ ತೆಗೆಯುವುದರಲ್ಲಿ ನನ್ನ ಕೈ ಎಷ್ಟು ಪಳಗಿತ್ತೆಂದರೆ ಹೆಸರು ಓದುವ ಮೊದಲೇ ತೆಗೆದಿರುತ್ತಿದ್ದೆ.

ರಾಣೇಬೆನ್ನೂರಿನ ಒಂದು ಬೀಜದಂಗಡಿಯಲ್ಲಿ ಒಂದೇ ಮಷೀನಿಗೆ ಎರಡು ಆಂಟಿವೈರಸ್ ಹಾಕಿಟ್ಟಿದ್ದರು. ಒಂದು ಕಣ್ಣುತಪ್ಪಿದರೆ ಇನ್ನೊಂದು ಹಿಡಿಯಲಿ ಎಂಬ ಮುಂಜಾಗ್ರತೆ. ಅವೆರಡೂ ಬೆಳಗಾಗೆದ್ದು ಒಂದನ್ನೊಂದು ಕಳ್ಳ ಎಂದು ಹಿಡಿಯುತ್ತಿದ್ದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಸ್ಥಿತಿ ಮಷೀನಿನದು. ಒಂದನ್ನು ಕಿತ್ತು ಹಾಕಿದೆ, ಎರಡು ಚಹಾದ ಮಷೀನ್ ಅರ್ಧ ನಿಮಿಷಕ್ಕೆ ಎದ್ದು ಕೂತಿತು. ಮೀಸೆ ಮೇಲೆ ಕೈಯಾಡಿಸುತ್ತ ಅಲ್ಲಿನ ಗುಮಾಸ್ತ ಕುಲಕರ್ಣಿಯವರ ಕಡೆ ನೋಡಿದರೆ ಅವರ ಮುಖ ಸಪ್ಪೆ.

"ಯಾಕ್ರಿ, ಲಗೂ ಆತಲ್ರಿ?" ಎಂದೆ.

"ಲಗೂ ಏನೋ ಆತು. ನನ್ನ ಚಾ ಕಸಗೊಂಡ್ರಲ್ರಿ! ಇಷ್ಟು ದಿನ ಮಾಲಕರು ಕೇಳಿದ್ರ, ಇನ್ನಾ ಚಾಲೂ ಆಗಾಕತ್ತೈತ್ರಿ ಅಂತಿದ್ದೆ. ಇನ್ನ ಏನ್ ಹೇಳ್ಲಿ?"

ನಕ್ಕುಬಿಟ್ಟೆ. ಅದನ್ನು ಊರೂರಲ್ಲಿ ಹೇಳಿಕೊಂಡು ತಿರುಗಿದೆ. ಮಷೀನಿನ ಮುಂದೆ ಕೂಡುವವರಿಗೆ ಬೇಕಾದದ್ದೇ ಬೇರೆ ಇರಬಹುದು ಎಂಬುದು ಅಲ್ಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಇನ್ನು ಬ್ಯಾಡಗಿ. ಅಲ್ಲಿ ಕಂಪ್ಯೂಟರಿನ ಡಬ್ಬಿ ಬಿಚ್ಚಬೇಕೆಂದರೆ ಮೊದಲು ಮೂಗಿಗೆ ವಸ್ತ್ರ ಕಟ್ಟಬೇಕು. ಮೆಣಸಿನಕಾಯಿಯ ಧೂಳು ಫ್ಯಾನಿನೊಳಗೆ ಕೆಂಪಗೆ ಕೂತಿರುತ್ತದೆ. ಮೊದಲ ಸಲ ಗೊತ್ತಿಲ್ಲದೆ ಬಾಯಿಂದ ಊದಿದೆ. ಅರ್ಧ ತಾಸು ಕಣ್ಣು ಬಿಡಲಾಗಲಿಲ್ಲ. ಅಂಗಡಿಯ ಮಾಲೀಕ ದಲಾಲಿ ಶಿವಲಿಂಗಪ್ಪನವರು ಬಿದ್ದು ಬಿದ್ದು ನಕ್ಕು, ಒಂದು ತಂಬಿಗೆ ನೀರು ಕೊಟ್ಟು, "ಮೆಣಸಿನಕಾಯಿಗೆ ಊದಿ ಗೆದ್ದಾವ ಇನ್ನಾ ಹುಟ್ಟಿಲ್ಲ ತಮ್ಮಾ" ಎಂದಿದ್ದರು. ಅಂದಿನಿಂದ ಅವರಿಗೂ ನನಗೂ ಬಹಳ ಸಲಿಗೆ. ಈ ಶಿವಲಿಂಗಪ್ಪನವರು ಇದೇ ಕಥೆಯಲ್ಲಿ ಇನ್ನೊಮ್ಮೆ ಬರುತ್ತಾರೆ.

ಈಗ ಗಿರಿಜಾಳ ಮಾತು.

ಹಾವೇರಿಯ ಒಂದು ಕಚೇರಿ, ಹೆಸರು ಬೇಡ. ನಮ್ಮ ಅಂಗಡಿಗೆ ಆ ಕಚೇರಿಯ ಮಷೀನುಗಳ ವರ್ಷದ ಗುತ್ತಿಗೆ ಇತ್ತು. ಅಲ್ಲಿಗೆ ಹೊಸದಾಗಿ ಬಂದ ಸಾಹೇಬರು ನನ್ನನ್ನು ಕರೆಸಿ, ಮೂಲೆಯ ಒಂದು ಮೇಜು ತೋರಿಸಿದರು.

"ನಾ ಹೇಳಿದ್ದು ರೆಕಾರ್ಡ್ ಮಾಡಿ ಕೊಡತೇನಿ, ಆ ಹುಡುಗಿ ಕೇಳಿ ಟೈಪ್ ಮಾಡತಾಳ. ಹನ್ನೊಂದಕ್ಕ ಪತ್ರ ಹೋಗಬೇಕು. ಹನ್ನೊಂದಾದ್ರೂ ಮಷೀನ ಎದ್ದಿರಂಗಿಲ್ಲ. ಮೂರು ಚಾ ತಗೋತೈತಿ. ಮಷೀನ ನೆವಾನೋ, ಆಕಿ ನೆವಾನೋ ನನಗ ತಿಳೀವಲ್ದು."

"ಆಕಿ ಯಾರ್ರಿ?"

"ಗಿರಿಜಾ ಅಂತ, ಅಗಡಿ ಊರಾಕಿ. ಕಣ್ಣು ಕಾಣಂಗಿಲ್ಲ. ಆರು ತಿಂಗಳ ಪರೀಕ್ಷಾ ಮ್ಯಾಲೆ ಅದಾಳ. ಬರೋ ತಿಂಗಳ ಆಕಿ ಕಾಯಂ ಆಗೂದೋ ಬಿಡೂದೋ ನಾ ಬರದು ಕೊಡಬೇಕು."

ಸಾಹೇಬರು ಕೆಟ್ಟವರಲ್ಲ. ಕೆಲಸ ಆಗಬೇಕು, ಯಾರಿಂದಾದರೂ ಆಗಲಿ ಎನ್ನುವ ಮನುಷ್ಯ. ಅವರ ಅವಸರ ನನಗೆ ಬಹಳ ಹಿಡಿಸಿತು, ನಮ್ಮ ಜಾತಿಯವರು ಸಿಕ್ಕರಪ್ಪ ಎಂದುಕೊಂಡೆ.

ಅದು ಊಟದ ಹೊತ್ತು. ಗಿರಿಜಾ ಬುತ್ತಿ ತೆಗೆದುಕೊಂಡು ಹೊರಗೆ ಹೋಗಿದ್ದಳು. ಅವಳು ಬರುವವರೆಗೆ ಕಾಯಬೇಕಿತ್ತು. ಕಾದರೆ ನಾನು ನಾನಾಗಿರುತ್ತಿರಲಿಲ್ಲ. ಮೇಜಿನ ಮೇಲೆ ಕಿವಿಗೆ ಹಾಕುವ ಹೆಡ್‌ಫೋನ್ ಇತ್ತು, ಅದನ್ನು ಪಕ್ಕಕ್ಕೆ ಸರಿಸಿ ಕೂತೆ. ಕಣ್ಣು ಕಾಣದವಳು ಈ ಪರದೆಯನ್ನು ಹೇಗೆ ನಡೆಸುತ್ತಾಳೆ ಎಂಬ ಪ್ರಶ್ನೆ ಹುಟ್ಟಲೇಬೇಕಿತ್ತಲ್ಲ? ಹುಟ್ಟಲಿಲ್ಲ. ಟೈಪಿಂಗ್ ಎಂದರೆ ಬೆರಳಿನ ಅಭ್ಯಾಸ ಎಂದುಕೊಂಡೆ. ಪಟ್ಟಿ ತೆರೆದರೆ ಹದಿನೇಳು ಟಿಕ್. ಆಂಟಿವೈರಸ್ ಒಂದನ್ನು ಬಿಟ್ಟು ಉಳಿದ ಹದಿನಾರನ್ನೂ ತೆಗೆದೆ. ಅದರಲ್ಲಿ ನಾಲ್ಕಕ್ಷರದ ಒಂದು ಹೆಸರಿತ್ತು, ಏನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಬೇಡದ್ದು ಎಂಬುದು ನನ್ನ ಶಾಸ್ತ್ರ. ಪರದೆಯ ಮೇಲೆ ಹರಡಿದ್ದ ಹಳೆಯ ಐಕಾನುಗಳನ್ನೂ ಗುಡಿಸಿ ಹಾಕಿದೆ. ಮಷೀನ್ ಬಂದ್ ಮಾಡಿ ಚಾಲೂ ಮಾಡಿದರೆ ನಲವತ್ತು ಸೆಕೆಂಡು. ಸಾಹೇಬರನ್ನು ಕರೆದು ತೋರಿಸಿದೆ. ಅವರು ಗಡಿಯಾರ ನೋಡಿಕೊಂಡು, "ಭೇಷ್!" ಎಂದರು. ಗಿರಿಜಾಳ ಮುಖವನ್ನೂ ನೋಡದೆ ಹೊರಟುಬಿಟ್ಟೆ. ಊಟ ಮುಗಿಸಿ ಬಂದವಳಿಗೆ ಸಾಹೇಬರು, ಇವತ್ತಿಗೆ ಇರಲಿ, ನಾಳೆಯಿಂದ ನೋಡೋಣ ಎಂದು ಪತ್ರ ಮಡಚಿ ಲಕೋಟೆಗೆ ತುಂಬುವ ಬೇರೆ ಕೆಲಸ ಕೊಟ್ಟರಂತೆ.

ಮರುದಿನ ಬ್ಯಾಡಗಿಗೆ ಹೊರಟಿದ್ದೆ. ಹನ್ನೊಂದೂವರೆಗೆ ಸಾಹೇಬರ ಫೋನ್.

"ಏನ್ರಿ, ಮಷೀನ ಸರಿ ಮಾಡಿರೋ ಇಲ್ಲೋ? ಆಕಿ ಹತ್ತು ಗಂಟೆದಿಂದ ಕೈ ಕಟಗೊಂಡು ಕುಂತಾಳ. ಇನ್ನಾ ಎದ್ದಿಲ್ರಿ ಅಂತಾಳ. ನಾ ನೋಡಿದ್ರ ಎದ್ದು ಕುಂತೈತಿ!"

"ಸಾಹೇಬ್ರ, ನಿಮ್ಮ ಕಣ್ಣ ಮುಂದ ಮಾಡಿ ತೋರಿಸೇನಲ್ರಿ. ಮಷೀನಿಂದು ಏನೂ ತಪ್ಪಿಲ್ಲ."

"ಮಷೀನ ಮಾತಾಡವಲ್ದು ಅಂತಾಳ. ಹಂಗಂದ್ರೇನು?"

ನಾನು ನಕ್ಕೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ, ನಕ್ಕೆ. "ಮಷೀನ ಎಲ್ಲೆರ ಮಾತಾಡತೈತೇನ್ರಿ ಸಾಹೇಬ್ರ!" ಎಂದೆ.

"ಸರಿ ಹಂಗಾರ. ಆಕಿ ನೆವಾ ಹೇಳಾಕತ್ತಾಳ. ಇವತ್ತ ಸಂಜೀ ಒಳಗ ಬರವಣಿಗಿಯೊಳಗ ಉತ್ತರ ಕೊಡು ಅಂತೇನಿ. ಬರೋ ತಿಂಗಳ ತನಕಾ ಕಾಯೂದೇನೈತಿ?" ಎಂದು ಫೋನ್ ಇಟ್ಟರು.

ನಾನು ಬೈಕು ಬಿಟ್ಟುಕೊಂಡು ಹೋದೆ. ಒಬ್ಬಳ ನೌಕರಿಯ ಮೇಲೆ ನನ್ನ ಮಾತೇ ಸಾಕ್ಷಿಯಾಗಿ ಬಿದ್ದಿದೆ ಎಂದು ಅನ್ನಿಸಲೂ ಇಲ್ಲ.

ಬ್ಯಾಡಗಿಯಲ್ಲಿ ಶಿವಲಿಂಗಪ್ಪನವರ ಮಷೀನ್ ಎರಡು ಚಹಾಕ್ಕೆ ಬಂದಿತ್ತು. ಅವರು ಎಂದಿನಂತೆ ಅಂಗಡಿಯ ಮುಂಗಟ್ಟೆಯಲ್ಲಿ ಬೀದಿ ಕಡೆ ಮುಖಮಾಡಿ ಕೂತು, ಒಂದೊಂದೇ ಮೆಣಸಿನಕಾಯಿ ಮುರಿದು ಮೂಸುತ್ತಿದ್ದರು. ಮಷೀನ್ ಅವರ ಬೆನ್ನ ಹಿಂದೆ. ನಾನು ಒಳಗೆ ಟಿಕ್ ತೆಗೆದೆ. ಅದು ಚಾಲೂ ಆದೊಡನೆ ಒಂದು ಭಜನೆ ತಾನಾಗಿ ಹಾಡುತ್ತಿತ್ತು, ಮೊದಲು ಅದರ ಟಿಕ್ಕನ್ನೇ ತೆಗೆದೆ. ಬಂದ್ ಮಾಡಿ ಚಾಲೂ ಮಾಡಿದೆ. ಮಷೀನ್ ಎದ್ದಿತು. ಶಿವಲಿಂಗಪ್ಪನವರು ತಿರುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೂತಲ್ಲಿಂದಲೇ ಕೂಗಿದರು:

"ಏನೋ ತಮ್ಮಾ, ಇನ್ನಾ ಏಳಲಿಲ್ಲೇನದು?"

"ಎದ್ದು ಎಷ್ಟೊತ್ತಾತ್ರಿ ಯಜಮಾನ್ರ!"

"ಹಾಡು ಎಲ್ಲಿ ಬಂತು?"

"ಅದನ್ನ ತಗದೇನ್ರಿ. ಅದ ತಡಾ ಮಾಡತಿತ್ತು."

"ಅಲೋ ಮಾರಾಯ, ಆ ಹಾಡು ಬಂದ್ರ ತಾನ ನನಗ ಗೊತ್ತಾಗೂದು ಅದು ಎದ್ದೈತಿ ಅಂತ! ನಾ ದಿನಾ ಈ ಕಡೆ ಮಾರಿ ಮಾಡಿ ಕುಂದ್ರಾವ. ನನಗೇನು ಬೆನ್ನಾಗ ಕಣ್ಣ ಅದಾವೇನು?"

ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಹತ್ತು ಗಂಟೆಯಿಂದ ಕೈಕಟ್ಟಿ ಕೂತಿದ್ದಾಳೆ. ಇನ್ನೂ ಎದ್ದಿಲ್ಲ ಅನ್ನುತ್ತಾಳೆ. ಮಾತಾಡವಲ್ದು ಅನ್ನುತ್ತಾಳೆ. ಆ ಹೆಡ್‌ಫೋನ್. ಆ ನಾಲ್ಕಕ್ಷರ. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಪ್ರೋಗ್ರಾಮುಗಳಿವೆ ಎಂದು ಎಲ್ಲೋ ಕೇಳಿದ್ದೆ, ಕಂಡಿರಲಿಲ್ಲ. ಅಯ್ಯೋ ಶಿವನೇ, ನಾನು ತೆಗೆದದ್ದು ಅವಳ ಕಣ್ಣನ್ನೇ! ಶಿವಲಿಂಗಪ್ಪನವರ ಹಾಡನ್ನು ಮೊದಲಿದ್ದ ಹಾಗೆ ಇಟ್ಟು, ಅವರು ತರಿಸಿದ್ದ ಚಹಾವನ್ನೂ ಮುಟ್ಟದೆ ಹೊರಬಿದ್ದೆ. "ಏ, ಚಾ ಕುಡಿದು ಹೋಗೋ!" ಎಂದು ಅವರು ಹಿಂದಿನಿಂದ ಕೂಗುತ್ತಿದ್ದರು.

ಹಾವೇರಿ ದಾರಿಯಲ್ಲಿ ಮೋಟೆಬೆನ್ನೂರಿನ ಹತ್ತಿರ ಗಾಡಿ ನಿಲ್ಲಿಸಿ ಸಾಹೇಬರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಆಗ ಮಂಜಣ್ಣನವರಿಗೆ ಮಾಡಿದೆ. ನಡೆದದ್ದನ್ನೆಲ್ಲ ಹೇಳಿ, "ಅಣ್ಣಾರ, ಗುತ್ತಿಗಿ ಹೋಗಬಹುದ್ರಿ" ಎಂದೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಗುತ್ತಿಗಿ ಹೋದ್ರ ಇನ್ನೊಂದು ಬರತೈತಿ. ಫೋನಿನ್ಯಾಗ ಹೇಳೂ ಮಾತಲ್ಲ ಇದು. ಎಲ್ಲಾರ ಮುಂದ ಆಕಿ ತಪ್ಪು ಅಂತ ಆಗೇತಿ, ಎಲ್ಲಾರ ಮುಂದ ನಿಂತು ನಂದ ತಪ್ಪು ಅನ್ನು" ಎಂದರು. ಆಮೇಲೆ ಮೆಲ್ಲಗೆ, "ಮೊದಲ ಕೇಳು ಅಂತ ಹೇಳಿದ್ದೆ ಹೌದಲ್ಲೋ?" ಎಂದರು.

"ಹೂಂನ್ರಿ" ಎಂದೆ. ಆ ಹೂಂ ಖರೇ ಹೂಂ.

ಕಚೇರಿ ಮುಟ್ಟಿದಾಗ ಗಿರಿಜಾ ಅದೇ ಮೂಲೆಯಲ್ಲಿ ಕೂತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಜಡೆ, ಬೆರಳು ಕೀಲಿಮಣೆಯ ಮೇಲೆ. ಕಿವಿಯಲ್ಲಿ ಹೆಡ್‌ಫೋನ್ ಹಾಗೇ ಇತ್ತು. ಬರವಣಿಗೆಯಲ್ಲಿ ಉತ್ತರ ಕೊಡು ಎಂದಿದ್ದರಲ್ಲ, ಮಾತಾಡದ ಮಷೀನಿನ ಮೇಲೆ ಅವಳು ಏನು ಬರೆಯಬೇಕು?

"ಯವ್ವಾ, ನಾ ಮಷೀನ್ ರಿಪೇರಿಯಾವ. ನಿನ್ನೆ ಇದನ್ನ ಮುಟ್ಟಿದಾವ ನಾನ" ಎಂದೆ.

ಅವಳು ಹೆಡ್‌ಫೋನ್ ತೆಗೆದಳು. "ಕಾಕಾ, ಇದು ಎದ್ದೈತೇನ್ರಿ?" ಎಂದು ಕೇಳಿದಳು. ಸಿಟ್ಟಿಲ್ಲ, ಅಳುವಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ ಹಾಗೆ. "ಎಲ್ಲಾರೂ ಎದ್ದೈತಿ ಅಂತಾರ. ನನಗ ಏನೂ ಕೇಳಸವಲ್ದು. ದಿನಾ ಮೂರು ಕೀಲಿ ಕೂಡಿಸಿ ಒತ್ತಿದ್ರ ಮಾತಾಡತಿತ್ತು. ಈಗ ಅದಕ್ಕೂ ಏಳವಲ್ದು."

ಆ ಮೂರು ಕೀಲಿಯ ದಾರಿಯೂ ನಾನು ಗುಡಿಸಿ ಹಾಕಿದ್ದ ಐಕಾನಿನ ಜೊತೆಯೇ ಹೋಗಿತ್ತು. ಬಾಯಿ ಕಟ್ಟಿದ್ದು ಸಾಲದೆಂದು ಬಾಗಿಲಿಗೂ ಕೀಲಿ ಜಡಿದಿದ್ದೆ. "ನಿನ್ನ ತಪ್ಪಲ್ಲವಾ, ನಂದ. ಒಂದೀಟು ಸರಿ" ಎಂದು ಕೂತೆ. ಟಿಕ್ ಹಾಕಿದೆ, ಐಕಾನ್ ಹಿಂದಕ್ಕೆ ತಂದೆ, ಕೀಲಿ ಜೋಡಿಸಿದೆ. ಚಾಲೂ ಆಗುವಾಗ ಎಲ್ಲಕ್ಕಿಂತ ಮೊದಲು ಅದೊಂದೇ ಏಳಲಿ, ಉಳಿದದ್ದು ಕರೆದಾಗ ಬರಲಿ ಎಂದು ಇಟ್ಟೆ. ಆಮೇಲೆ ಹೆಡ್‌ಫೋನಿನ ವೈರು ಕಿತ್ತು, ಸ್ಪೀಕರ್ ದನಿ ಪೂರಾ ಏರಿಸಿ ಬಟನ್ ಒತ್ತಿದೆ.

ಆ ನಲವತ್ತು ಸೆಕೆಂಡಿನಷ್ಟು ಉದ್ದದ ಹೊತ್ತನ್ನು ನಾನು ನನ್ನ ಬಾಳಿನಲ್ಲಿ ಕಳೆದಿಲ್ಲ. ಮೂರು ಚಹಾ ಅಲ್ಲ, ಮೂವತ್ತು ಚಹಾ. ಗಿರಿಜಾ ತಲೆ ಬಗ್ಗಿಸಿ ಕಾಯುತ್ತಿದ್ದಳು. ಅಷ್ಟರಲ್ಲಿ ಮಷೀನು ಮೂಗು ಕಟ್ಟಿದ ಗಂಡಸಿನ ದನಿಯಲ್ಲಿ ಇಡೀ ಕಚೇರಿಗೆ ಕೇಳುವ ಹಾಗೆ ಒದರಿತು:

"ಡೆಸ್ಕ್‌ಟಾಪ್."

ಗಿರಿಜಾ ಒಮ್ಮೆಲೇ ಉಸಿರು ಬಿಟ್ಟಳು. "ಎದ್ದಿತು!" ಎಂದಳು. ಈಗ ಅವಳ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಅಷ್ಟು ಒಣಕಲು ಮಾತು ನನಗೆ ಅಷ್ಟು ಸಿಹಿಯಾಗಿ ಯಾವತ್ತೂ ಕೇಳಿರಲಿಲ್ಲ.

ಮೇಜುಗಳಿಂದ ಎಲ್ಲರೂ ತಲೆ ಎತ್ತಿದ್ದರು. ಸಾಹೇಬರು ಕೋಣೆಯಿಂದ ಹೊರಗೆ ಬಂದಿದ್ದರು. "ಇದು... ಖರೇನ ಮಾತಾಡತೈತೇನು?" ಎಂದರು.

ನಾನು ಎದ್ದು ನಿಂತೆ. "ಮಾತಾಡತೈತ್ರಿ ಸಾಹೇಬ್ರ. ಇದರ ದನೀನ ಈಕಿ ಕಣ್ಣು. ನಿನ್ನೆ ಇದರ ಬಾಯಿ ಬಂದ್ ಮಾಡಿದಾವ ನಾನು. ಮುಂಜಾನೆ ಫೋನಿನ್ಯಾಗ ಮಷೀನಿಂದು ತಪ್ಪಿಲ್ಲ ಅಂದೆ, ಖರೇ, ಮಷೀನಿಂದಲ್ಲ, ಈಕಿದೂ ಅಲ್ಲ, ನಂದು. ಗುತ್ತಿಗಿ ತಗೀರಿ, ಬೈರಿ, ಏನರ ಮಾಡ್ರಿ. ಈಕಿ ಹೆಸರಿನ ಮುಂದ ಮಾತ್ರ ಏನೂ ಬರೀಬ್ಯಾಡ್ರಿ."

ಸಾಹೇಬರು ಗಿರಿಜಾಳ ಮೇಜಿನ ಹತ್ತಿರ ಬಂದು, "ಆ ಉತ್ತರಾ ಗಿತ್ತರಾ ಏನೂ ಬ್ಯಾಡವಾ. ನೀ, ಮಷೀನ ಮಾತಾಡವಲ್ದು ಅಂದಾಗ ಹಂಗಂದ್ರೇನು ಅಂತ ನಿನ್ನ ಕೇಳಬೇಕಿತ್ತು. ನಾ ಇವರನ್ನ ಕೇಳಿದೆ" ಎಂದರು. ನನ್ನ ಕಡೆ ಮಾತ್ರ ನೋಡಲಿಲ್ಲ. ಗಿರಿಜಾ ಕಣ್ಣೊರೆಸಿಕೊಂಡು, "ಸರ್, ಇವತ್ತಿನ ಪತ್ರಾ ಅದಾವ್ರಿ, ಮಾಡಲ್ರಿ?" ಎಂದಳು. ಕಚೇರಿ ಬಾಗಿಲು ಹಾಕುವುದರೊಳಗೆ ಅಷ್ಟೂ ಪತ್ರ ಮುಗಿಸಿ ಅಗಡಿ ಬಸ್ಸಿಗೆ ಹೋದಳು. ಹೋಗುವಾಗ ನನಗೆ, "ಕಾಕಾ, ಲಗೂ ಏನೋ ಎಬ್ಬಿಸಿದ್ರಿ. ಇನ್ನೊಮ್ಮೆ ಎಬ್ಬಿಸಾಕ ಬಂದಾಗ ನನ್ನನ್ನೂ ಎಬ್ಬಿಸ್ರಿ" ಎಂದಳು. ಬೈಗುಳ ಅಷ್ಟೇ. ಅಷ್ಟಕ್ಕೇ ಮುಗಿಯಿತಲ್ಲ ಎಂದು ಬಸ್ ನಿಲ್ದಾಣದ ಹತ್ತಿರ ನಿಂತು ಎರಡು ಚಹಾ ಕುಡಿದೆ.

ಹತ್ತು ದಿನಕ್ಕೆ ಅವಳೇ ಫೋನ್ ಮಾಡಿದಳು. "ಮಷೀನ್ ಮತ್ತ ಒಂದು ಚಾಕ್ಕ ಬಂದೈತ್ರಿ. ಮತ್ತ, ಏಳೂ ಮುಂದ ಒಳಗ ಟಕ್ ಟಕ್ ಅಂತ ಎರಡ ಸಲ ತಡವರಸತೈತ್ರಿ. ಮದಲ ಒಂದ ಸಲ ಇತ್ತು." ನಾನು ಹೋಗಿ ಕಿವಿಗೊಟ್ಟೆ, ನನಗೇನೂ ಕೇಳಲಿಲ್ಲ. ಮೊದಲಿನ ನಾನಾಗಿದ್ದರೆ ಭ್ರಮೆ ಎಂದು ಹೊರಟುಬಿಡುತ್ತಿದ್ದೆ. ಡಿಸ್ಕ್ ಪರೀಕ್ಷೆ ಮಾಡಿದೆ. ಸಾಯುವ ಹಂತಕ್ಕೆ ಬಂದಿತ್ತು. ಮೂರು ಚಹಾದ ನಿಜವಾದ ರೋಗ ಅದೇ, ನಾನು ಟಿಕ್ ತೆಗೆದದ್ದು ಮೇಲಿನ ಲೇಪ ಮಾತ್ರ. ಕಚೇರಿಯ ಹಳೆಯ ಪತ್ರಗಳೆಲ್ಲ ಅದರಲ್ಲಿದ್ದವು, ಒಂದೂ ಬಿಡದೆ ನಕಲು ಮಾಡಿಕೊಂಡು ಹೊಸ ಡಿಸ್ಕ್ ಹಾಕಿದೆ. ಹಳೆಯದು ಅದೇ ವಾರ ನಮ್ಮ ಅಂಗಡಿಯ ಮೇಜಿನ ಮೇಲೆ ಪೂರಾ ನಿಂತುಹೋಯಿತು. ಸಾಹೇಬರಿಗೆ ಇದನ್ನು ಹೇಳಿದಾಗ, "ಆಕಿ ಕಿವಿಗೆ ಕೇಳಿಸಿತೇನು?" ಎಂದು ಎರಡು ಸಲ ಕೇಳಿದರು. ಮರುತಿಂಗಳು ಗಿರಿಜಾ ಕಾಯಂ ಆದಳು. ರಾಣೇಬೆನ್ನೂರಿನ ಅಂಗಡಿಗೆ ತಂದೆಯ ಜೊತೆ ಪೇಢೆ ಹಿಡಿದು ಬಂದಿದ್ದಳು. ನನ್ನ ಎದೆಯ ಮೇಲಿನ ಕಲ್ಲು ಅವತ್ತು ಇಳಿಯಿತು. ಗುತ್ತಿಗೆಯೂ ಉಳಿಯಿತೆನ್ನಿ.

ಆಮೇಲೆ ನನ್ನ ಪದ್ಧತಿ ಬದಲಾಯಿತು. ಯಾವ ಮಷೀನ್ ಮುಟ್ಟುವ ಮೊದಲೂ ಅಲ್ಲಿ ಕೂಡುವವರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಇದು ಎದ್ದೈತಿ ಅಂತ ನಿಮಗ ಹೆಂಗ ಗೊತ್ತಾಗತೈತ್ರಿ?" ಒಬ್ಬರು ಪ್ರಿಂಟರ್ ಗುರ್ ಎಂದಾಗ ಎನ್ನುತ್ತಿದ್ದರು, ಒಬ್ಬರು ಮಗಳ ಫೋಟೋ ಬಂದಾಗ ಎನ್ನುತ್ತಿದ್ದರು. ಕುಲಕರ್ಣಿಯವರು, "ಮಾಲಕರು ಒದರಿದಾಗ" ಎಂದರು. ಯಾರು ಏನು ಹೇಳುತ್ತಾರೋ ಅದನ್ನು ಬಿಟ್ಟು ಉಳಿದದ್ದರ ಟಿಕ್ ತೆಗೆಯುತ್ತಿದ್ದೆ. ಮಾವನ ಮನೆಯ ಕಥೆಗಳೂ ಬಂದವು, ಬರಲಿ ಬಿಡಿ.

ಮುಂದೆ ತಿರುಗುವ ಡಿಸ್ಕೇ ಹೋಗಿ, ಸದ್ದಿಲ್ಲದ ಹೊಸ ಡಿಸ್ಕ್ ಬಂತು. ಅದನ್ನು ಕೂಡಿಸಿದರೆ ಎಂಥ ಮುದಿ ಮಷೀನೂ ಟಣ್ಣನೆ ಏಳುತ್ತದೆ. ಈಗಿನವರು ಅದನ್ನೊಂದು ಹಾಕಿ ಕೈ ತೊಳೆದುಕೊಳ್ಳುತ್ತಾರೆ, ತಪ್ಪೇನೂ ಅಲ್ಲ. ನಾನು ಒದ್ದಾಡಿದ್ದನ್ನೆಲ್ಲ ಅವರು ಒದ್ದಾಡಬೇಕಿಲ್ಲ, ಸಂತೋಷ. ಅಪ್ಪಾ, ಆ ಪ್ರಶ್ನೆ ಮಾತ್ರ ಕೇಳಿರಿ.

ಹೋದ ವಾರ ಬೆಳಿಗ್ಗೆ ಹಾವೇರಿಯ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಹೆಂಡತಿ ಆಗಷ್ಟೇ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಿದ್ದಳು. ಗಿರಿಜಾಳ ಫೋನ್ ಬಂತು. ಈಗ ಅವಳು ಆ ಕಚೇರಿಯ ಹಳೆಯ ತಲೆ, ಎರಡು ಮಕ್ಕಳ ತಾಯಿ.

"ಕಾಕಾ, ಕಚೇರಿಗೆ ಹೊಸಾ ಮಷೀನ್ ಬಂದೈತ್ರಿ. ಕೂಡ್ಸಾಕ ಬಂದಾವರು ಮದಲ ನನ್ನ ಕೇಳಿದ್ರು, ಅಕ್ಕಾರ, ಇದು ಎದ್ದೈತಿ ಅಂತ ನಿಮಗ ಹೆಂಗ ಗೊತ್ತಾಗತೈತಿ ಅಂತ."

"ಯಾರು ಕಲಿಸಿದ್ರು ಅವರಿಗೆ?"

"ಮಂಜಣ್ಣಾರ ಅಂಗಡಿಯಾಗ ಗ್ವಾಡಿ ಮ್ಯಾಲೆ ಬರದು ಹಚ್ಚ್ಯಾರಂತ್ರಿ. ಇರ್ರಿ, ಕೇಳ್ರಿ ಈಗ." ಫೋನನ್ನು ಮಷೀನಿನ ಹತ್ತಿರ ಹಿಡಿದಿರಬೇಕು. ಬಟನ್ ಒತ್ತಿದ ಸದ್ದು ಕೇಳಿತು. ಹಳೆಯ ಚಾಳಿ, ನಾನು ಬೆರಳು ಮಡಚುತ್ತ ಎಣಿಸತೊಡಗಿದೆ. ಎರಡನೇ ಕೈಗೆ ಹೋಗುವುದರೊಳಗೆ ಅದೇ ಮೂಗು ಕಟ್ಟಿದ ದನಿ ಒದರಿತು:

"ಡೆಸ್ಕ್‌ಟಾಪ್."

"ಕೇಳಿಸ್ತೇನ್ರಿ ಕಾಕಾ?"

"ಕೇಳಿಸ್ತವಾ" ಎಂದೆ. ಒಲೆಯ ಮೇಲೆ ಚಹಾದ ನೀರು ಇನ್ನೂ ಬೆಚ್ಚಗೂ ಆಗಿರಲಿಲ್ಲ.